‘ಅಲ್ಲೆಲ್ಲ ಇಂಗ್ಲಿಷೇ’ ಅನ್ನುವವರಿಗೆ

ಚಿಕ್ಕಪ್ಪನ ಮಗನಿಗೆ ಫ್ರಾನ್ಸಿನ ಇನ್ಸಿಯಾಡ್‌ನಲ್ಲಿ ಎಂಬಿಎ ಸೀಟು ಸಿಕ್ಕಿದ್ದಕ್ಕೆ ಮನೆಯಲ್ಲಿ ಹೋಳಿಗೆ ಊಟ ಇತ್ತು. 2014ರಲ್ಲಿ ನಾನೂ ಅಲ್ಲೇ ಓದಿದವಳಾದ್ದರಿಂದ ಪ್ರಶ್ನೆಗಳೆಲ್ಲ ನನ್ನ ಎಲೆಯ ಕಡೆಗೇ ಬಂದವು. ಚಳಿ ಎಷ್ಟಿರುತ್ತೆ, ತಿನ್ನೋಕೆ ಏನು ಸಿಗುತ್ತೆ, ಸಾಲ ತೀರೋಕೆ ಎಷ್ಟು ವರ್ಷ ಬೇಕು. ಎಲ್ಲಕ್ಕೂ ಉತ್ತರ ಹೇಳಿ ಕೊನೆಗೆ ನಾನೊಂದು ಕೇಳಿದೆ: ‘ಫ್ರೆಂಚ್ ಕ್ಲಾಸಿಗೆ ಸೇರ್ಕೊಂಡ್ಯೇನೋ?’ ಅವನು ಬಾಯಿ ಬಿಡುವ ಮೊದಲೇ ಚಿಕ್ಕಪ್ಪ, ‘ಅದು ಇಂಟರ್‌ನ್ಯಾಷನಲ್ ಸ್ಕೂಲು ಕಣಮ್ಮ, ಅಲ್ಲೆಲ್ಲ ಇಂಗ್ಲಿಷೇ’ ಅಂದುಬಿಟ್ಟರು.

ಈ ಮಾತು ನನಗೆ ಹೊಸದಲ್ಲ. ಸೀಟು ಸಿಕ್ಕಿದವರು, ಅವರ ಅಪ್ಪ ಅಮ್ಮಂದಿರು ಪ್ರತಿ ವರ್ಷ ಯಾರ್‍ಯಾರಿಂದಲೋ ನನ್ನ ನಂಬರ್ ತಗೊಂಡು ಫೋನ್ ಮಾಡುತ್ತಾರೆ. ಅವರು ಹೊತ್ತು ತರುವ ನಂಬಿಕೆಗಳಲ್ಲಿ ಬಹುಪಾಲು ಒಂದೇ ಮಾತಿನಲ್ಲಿ ತೀರಿಹೋಗುವಂಥವು. ವೈನ್ ಕುಡಿಯದವರಿಗೆ ಅಲ್ಲಿ ಸ್ನೇಹಿತರೇ ಆಗುವುದಿಲ್ಲ ಅನ್ನುವುದು ಸುಳ್ಳು. ನಿಮ್ಮ ಲೋಟದಲ್ಲಿ ಏನಿದೆಯೆಂದು ಯಾರೂ ಬಗ್ಗಿ ನೋಡುವುದಿಲ್ಲ. ಹತ್ತು ತಿಂಗಳ ಕೋರ್ಸು ಅಂದರೆ ಅರ್ಧ ಡಿಗ್ರಿ ಅನ್ನುವುದೂ ಸುಳ್ಳು. ಕಡಿಮೆಯಾಗಿರುವುದು ರಜೆಯೇ ಹೊರತು ಪಾಠವಲ್ಲ. ಶಾಲೆಯವರೇ ಹಾಸ್ಟೆಲ್ ಕೊಡುತ್ತಾರೆ ಅಂದುಕೊಂಡು ಹೊರಟವರಿಗೆ ಹೇಳುವುದಿಷ್ಟು: ಎಂಬಿಎ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಊರಲ್ಲೋ ಸುತ್ತಲ ಹಳ್ಳಿಗಳಲ್ಲೋ ಬಾಡಿಗೆಗೆ ಮನೆ ಹಿಡಿದುಕೊಂಡೇ ಇರುತ್ತಾರೆ. ಇನ್ನು ಶಾಲೆಯಿರುವ ಫೊಂತೆನ್‌ಬ್ಲೊ ಅಂದರೆ ಪ್ಯಾರಿಸ್ ಅಲ್ಲ. ಅಲ್ಲಿಂದ ಆಗ್ನೇಯಕ್ಕೆ ಸುಮಾರು 60 ಕಿಲೋಮೀಟರ್, ಗಾರ್ ದ ಲಿಯೊಂ ನಿಲ್ದಾಣದಿಂದ ರೈಲಿನಲ್ಲಿ 40 ನಿಮಿಷ. ಕಿಟಕಿ ತೆರೆದರೆ ಕಾಣುವುದು ಕಾಡು.

ಇವನ್ನೆಲ್ಲ ತಾಳ್ಮೆಯಿಂದಲೇ ಬಿಡಿಸಿ ಹೇಳುತ್ತೇನೆ. ‘ಅಲ್ಲೆಲ್ಲ ಇಂಗ್ಲಿಷೇ’ ಅಂದಾಗ ಮಾತ್ರ ನನ್ನ ತಾಳ್ಮೆ ಕೆಡುತ್ತದೆ. ಯಾಕೆಂದರೆ ಉಳಿದ ತಪ್ಪುಗಳು ಹೋದ ಮೊದಲ ವಾರದಲ್ಲೇ ತಾವಾಗಿ ಸರಿಹೋಗುತ್ತವೆ. ಈ ತಪ್ಪು ಹತ್ತು ತಿಂಗಳೂ ಜೊತೆಯಲ್ಲೇ ಇರುತ್ತದೆ. ಕೆಲವರ ಜೊತೆ ಬೆಂಗಳೂರಿಗೆ ವಾಪಸ್ಸೂ ಬರುತ್ತದೆ.

ಮೊದಲು ಆ ‘ಇಂಟರ್‌ನ್ಯಾಷನಲ್’ ಅನ್ನುವ ಪದವನ್ನೇ ನೋಡೋಣ. ಈ ಶಾಲೆ ಹುಟ್ಟಿದ್ದು 1957ರಲ್ಲಿ. ಯುರೋಪಿನ ಆರು ದೇಶಗಳು ರೋಮ್ ಒಪ್ಪಂದಕ್ಕೆ ಸಹಿ ಹಾಕಿ ತಮ್ಮ ಮಾರುಕಟ್ಟೆಗಳನ್ನು ಒಂದು ಮಾಡಿಕೊಳ್ಳಲು ಹೊರಟ ವರ್ಷವೇ ಅದು. ಹುಟ್ಟಿಸಿದ ಜಾರ್ಜ್ ಡೋರಿಯೊ ಪ್ಯಾರಿಸ್ಸಿನಲ್ಲಿ ಹುಟ್ಟಿ ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದವರು, ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಸೈನ್ಯದ ಬ್ರಿಗೇಡಿಯರ್ ಜನರಲ್ ಆಗಿದ್ದವರು. ಅವರ ಜೊತೆಗಿದ್ದವರು ಕ್ಲೋದ್ ಜಾನ್ಸೆನ್ ಮತ್ತು ಒಲಿವಿಯೇ ಜಿಸ್ಕಾರ್ ದೆಸ್ತಾಂ. ಇನ್ನೂ ಹತ್ತು ಹದಿನೈದು ವರ್ಷದ ಹಿಂದೆ ಒಬ್ಬರ ಮೇಲೊಬ್ಬರು ಬಾಂಬು ಹಾಕಿದ್ದ ದೇಶಗಳ ಹುಡುಗರನ್ನು ಒಂದೇ ಬೆಂಚಿನಲ್ಲಿ ಕೂರಿಸಬೇಕು ಅನ್ನುವುದು ಅದರ ಹಿಂದಿದ್ದ ಆಸೆ. ಆಗ ಪಾಠ ನಡೆದದ್ದು ಫ್ರೆಂಚ್, ಇಂಗ್ಲಿಷ್, ಜರ್ಮನ್, ಮೂರರಲ್ಲೂ. ಆಮೇಲೆ ಇಂಗ್ಲಿಷೊಂದೇ ಪಾಠದ ಭಾಷೆಯಾದರೂ, ಇಂಗ್ಲಿಷಿನ ಜೊತೆಗೆ ಇನ್ನೆರಡು ಭಾಷೆ ಬರಬೇಕೆಂಬ ನಿಯಮ ಬಹುಕಾಲ ಈ ಶಾಲೆಯ ಗುರುತೇ ಆಗಿತ್ತು. ಅಂದರೆ ಈ ಶಾಲೆಯ ಮಟ್ಟಿಗೆ ‘ಇಂಟರ್‌ನ್ಯಾಷನಲ್’ ಪದದ ಅರ್ಥ ಹಲವು ಭಾಷೆ ಅಂತ. ನಾವು ಅದನ್ನು ‘ಇಂಗ್ಲಿಷ್ ಮೀಡಿಯಂ’ ಅಂತ ಓದಿಕೊಂಡಿದ್ದೇವೆ.

ಇನ್ನೊಂದು ಸಂಗತಿಯಿದೆ, ನನಗೆ ತುಂಬ ಇಷ್ಟವಾದದ್ದು. 1959ರಲ್ಲಿ ಶಾಲೆಯ ಮೊದಲ ತರಗತಿ ಶುರುವಾದದ್ದು ಫೊಂತೆನ್‌ಬ್ಲೊ ಅರಮನೆಯಲ್ಲಿ. ಅಲ್ಲಿದ್ದ ಹಳೆಯ ಕೋಟೆಮನೆಯನ್ನು 1528ರಿಂದಾಚೆಗೆ ಈಗಿನ ದೊಡ್ಡ ಅರಮನೆಯಾಗಿ ಬೆಳೆಸಿದವನು ದೊರೆ ಒಂದನೇ ಫ್ರಾನ್ಸ್ವಾ. ಅದೇ ದೊರೆ 1539ರಲ್ಲಿ ವಿಲೇರ್-ಕೊತ್ರೆ ಎಂಬ ಊರಲ್ಲಿ ಒಂದು ಶಾಸನಕ್ಕೆ ಸಹಿ ಹಾಕಿದ. ಕೋರ್ಟು ಕಚೇರಿಯ ಪತ್ರಗಳೆಲ್ಲ ಇನ್ನು ಲ್ಯಾಟಿನ್ನಿನಲ್ಲಿ ಬೇಡ, ಫ್ರೆಂಚಿನಲ್ಲೇ ಇರಲಿ ಎಂದ. ಆ ಶಾಸನದ ಭಾಷೆಯ ಕಲಮುಗಳು ಇವತ್ತಿಗೂ ಜಾರಿಯಲ್ಲಿವೆ. 1992ರಲ್ಲಿ ಗಣರಾಜ್ಯದ ಭಾಷೆ ಫ್ರೆಂಚ್ ಎಂದು ಸಂವಿಧಾನದಲ್ಲೇ ಬರೆದುಕೊಂಡರು. 1994ರ ತೂಬೊಂ ಕಾನೂನು ಕೆಲಸದ ಕರಾರು ಪತ್ರ ಕೂಡ ಫ್ರೆಂಚಿನಲ್ಲಿರಬೇಕು ಅನ್ನುತ್ತದೆ. ಸುಮಾರು ಐನೂರು ವರ್ಷಗಳಿಂದ ತನ್ನ ಭಾಷೆಗೆ ಕಾನೂನಿನ ಬೇಲಿ ಹಾಕಿಕೊಂಡು ಬಂದ ದೇಶವದು. ಅಂಥ ಕಡೆಗೆ ಹೊರಟವರು ಹೋಳಿಗೆ ತಿನ್ನುತ್ತ ‘ಅಲ್ಲೆಲ್ಲ ಇಂಗ್ಲಿಷೇ’ ಅನ್ನುತ್ತಾರೆ.

ಶಾಲೆಯ ಗೇಟಿನ ಒಳಗೆ ಇಂಗ್ಲಿಷ್, ಒಪ್ಪಿದೆ. ಆದರೆ ಬಾಡಿಗೆ ಕರಾರು, ಕರೆಂಟು, ಬ್ಯಾಂಕು, ಡಾಕ್ಟರು, ಇನ್ಶೂರೆನ್ಸು, ಗ್ಯಾಸ್ ಬಾಯ್ಲರ್ ರಿಪೇರಿಯವನು, ಎಲ್ಲರೂ ಗೇಟಿನ ಆಚೆಗಿರುವವರು. ಬಂದಿಳಿದ ಮೊದಲ ತಿಂಗಳು ನಿಮಗೆ ಪಾಠಕ್ಕಿಂತ ಇವರ ಜೊತೆಗೇ ಹೆಚ್ಚು ಕೆಲಸ.

ನನ್ನ ಮನೆಯ ಕಥೆ ಹೇಳುತ್ತೇನೆ. ಫೊಂತೆನ್‌ಬ್ಲೊಗೆ ಅಂಟಿಕೊಂಡ ಅವೊಂ ಎಂಬ ಊರಲ್ಲಿ ಸಾಮಾನು ಸಮೇತದ ಒಂದು ಚಿಕ್ಕ ಮನೆ ಸಿಕ್ಕಿತು. ನಾವು ಬೆಂಗಳೂರಿನಲ್ಲಿ ಅಡ್ವಾನ್ಸ್ ಅನ್ನುತ್ತೇವಲ್ಲ, ಆ ಮುಂಗಡ ಎರಡು ತಿಂಗಳ ಬಾಡಿಗೆಯಷ್ಟು. ಬೀಗದ ಕೈ ಕೊಡುವ ದಿನ ಓನರ್ ಹತ್ತು ಪುಟದ ಒಂದು ಪತ್ರ ಹಿಡಿದು ಬಂದರು. ಅದರ ಹೆಸರು ಎತಾ ದೆ ಲ್ಯೂ, ಅಂದರೆ ಮನೆಯ ಸ್ಥಿತಿಗತಿಯ ಪಟ್ಟಿ. ಒಂದೊಂದು ಕೋಣೆಯ ಗೋಡೆ, ನೆಲ, ಕಿಟಕಿ, ನಲ್ಲಿ, ಮಂಚ, ಕುರ್ಚಿ, ಪಾತ್ರೆ, ಚಮಚದವರೆಗೆ ಪಟ್ಟಿ. ಪ್ರತಿಯೊಂದರ ಮುಂದೆ ಒಂದು ಪುಟ್ಟ ಷರಾ. ಅವರು ಕೋಣೆಯಿಂದ ಕೋಣೆಗೆ ನಡೆಯುತ್ತ ಫ್ರೆಂಚಿನಲ್ಲಿ ಓದಿದರು, ನಾನು ಹಿಂದೆ ಹಿಂದೆ ನಡೆಯುತ್ತ ತಲೆಯಾಡಿಸಿದೆ. ಸಂಜೆ ಶಾಲೆಯಲ್ಲಿ ಸ್ವಾಗತ ಕೂಟವಿತ್ತು, ಹೋಗುವ ಅವಸರ. ಹತ್ತೂ ಪುಟಕ್ಕೆ ಸಹಿ ಹಾಕಿ ಕೊಟ್ಟೆ.

ಹತ್ತು ತಿಂಗಳಾದ ಮೇಲೆ ಮನೆ ಬಿಡುವಾಗ ಅದೇ ಪತ್ರ ಮತ್ತೆ ಬಂತು. ಅಡುಗೆಮನೆಯ ಕಟ್ಟೆಯ ಮೇಲೆ ಒಲೆಯ ಪಕ್ಕ ರೂಪಾಯಿ ಬಿಲ್ಲೆಯಷ್ಟಗಲ ಒಂದು ಸುಟ್ಟ ಕಲೆ. ನಾನು ಬರುವ ಮೊದಲೇ ಇದ್ದದ್ದು. ಮೊದಲ ದಿನವೇ ನೋಡಿದ್ದೆ, ಅದರ ಮೇಲೆ ಉಪ್ಪಿನ ಡಬ್ಬಿ ಇಡುತ್ತಿದ್ದೆ. ಪಟ್ಟಿಯಲ್ಲಿ ಕಟ್ಟೆಯ ಮುಂದೆ ‘ಬೊನ್ ಎತಾ’ ಎಂದು ಬರೆದಿತ್ತು: ಒಳ್ಳೆಯ ಸ್ಥಿತಿ. ಇರಬೇಕಾಗಿದ್ದದ್ದು ‘ಎತಾ ದ್ಯುಜಾಜ್’: ಬಳಸಿದ ಸ್ಥಿತಿ. ಈ ಎರಡು ಷರಾಗಳ ನಡುವಿನ ವ್ಯತ್ಯಾಸಕ್ಕೆ 310 ಯೂರೊ ಮುರಿದುಕೊಂಡರು. ಕಲೆ ಮೊದಲೇ ಇತ್ತು ಅಂದೆ. ಅವರು ಏನೂ ವಾದ ಮಾಡಲಿಲ್ಲ, ನನ್ನ ಸಹಿಯನ್ನು ಬೆರಳಿಟ್ಟು ತೋರಿಸಿದರು. ಬಾಕಿ ದುಡ್ಡು ಕೈಗೆ ಬರಲು ಎರಡು ತಿಂಗಳು ಹಿಡಿಯಿತು.

ಅವತ್ತು ಓನರ್ ಮೇಲೆ ಕೋಪ ಬಂದಿತ್ತು. ಈಗ ಯೋಚಿಸಿದರೆ, ಆ ದೇಶದ ಕಾನೂನು ಬಾಡಿಗೆದಾರರ ಪರವಾಗಿ ಎಷ್ಟು ಗಟ್ಟಿಯಾಗಿದೆ ಅನ್ನುವುದೇ ಕಣ್ಣಿಗೆ ಬೀಳುತ್ತದೆ. ಸಾಮಾನು ಸಮೇತದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೇಳುವಂತಿಲ್ಲ. ಬರುವಾಗಿನ ಪಟ್ಟಿಗೂ ಹೋಗುವಾಗಿನ ಪಟ್ಟಿಗೂ ತಾಳೆಯಾದರೆ ಒಂದೇ ತಿಂಗಳಲ್ಲಿ ವಾಪಸ್ ಕೊಡಬೇಕು, ವ್ಯತ್ಯಾಸವಿದ್ದರೆ ಎರಡು ತಿಂಗಳು. ಈಗಿನ ನಿಯಮದಂತೆ ಮನೆಗೆ ಬಂದ ಹತ್ತು ದಿನದೊಳಗೆ ‘ಇದೊಂದು ಬಿಟ್ಟುಹೋಗಿದೆ, ಸೇರಿಸಿ’ ಎಂದು ಪಟ್ಟಿಯನ್ನು ತಿದ್ದಿಸುವ ಹಕ್ಕು ಬಾಡಿಗೆದಾರನಿಗಿದೆ. 2018ರ ಕಾನೂನಿನಿಂದ ‘ಬೈ ಮೊಬಿಲಿತೆ’ ಎಂಬ ಹೊಸ ಬಗೆಯ ಕರಾರೂ ಬಂದಿದೆ. ವಿದ್ಯಾರ್ಥಿಗಳಂಥ ಅಲ್ಪಾವಧಿ ಬಾಡಿಗೆದಾರರಿಗಾಗಿಯೇ ಮಾಡಿದ್ದು, ಒಂದರಿಂದ ಹತ್ತು ತಿಂಗಳವರೆಗೆ. ಅದರಲ್ಲಿ ಅಡ್ವಾನ್ಸ್ ತೆಗೆದುಕೊಳ್ಳುವುದೇ ನಿಷಿದ್ಧ. ಹತ್ತು ತಿಂಗಳ ಎಂಬಿಎಗೆ ಹೇಳಿ ಮಾಡಿಸಿದಂತಿದೆ. ಆದರೆ ಈ ಹೆಸರನ್ನು ನೀವಾಗಿ ಬಾಯಿಬಿಟ್ಟು ಕೇಳಬೇಕು. ಹಕ್ಕುಗಳೆಲ್ಲ ಇವೆ, ಫ್ರೆಂಚಿನಲ್ಲಿವೆ.

ಬೆಂಗಳೂರಿನಲ್ಲಿ ಮೂವತ್ತು ನಲವತ್ತರ ಸೈಟು ಕೊಳ್ಳುವಾಗ ಇದೇ ಚಿಕ್ಕಪ್ಪ ಏನು ಮಾಡಿದ್ದರೆಂದು ನನಗೆ ಚೆನ್ನಾಗಿ ನೆನಪಿದೆ. ಮೂಲ ಪತ್ರ ತರಿಸಿದರು, ಮೂವತ್ತು ವರ್ಷದ ಇಸಿ ತೆಗೆಸಿದರು, ಖಾತೆ ಯಾರ ಹೆಸರಲ್ಲಿದೆ ನೋಡಿದರು, ಇಬ್ಬರು ಲಾಯರ್‌ಗಳಿಗೆ ತೋರಿಸಿದರು, ಚೆಕ್ಕುಬಂದಿಯನ್ನು ತಾವೇ ಟೇಪು ಹಿಡಿದು ಅಳೆದರು. ಅಷ್ಟು ಜಾಗ್ರತೆಯ ಮನುಷ್ಯ. ಅದಕ್ಕಿಂತ ಹೆಚ್ಚಿನ ಸಾಲ ಮಾಡಿ ಮಗನನ್ನು ಕಳಿಸುವಾಗ, ಓದಲು ಬಾರದ ಭಾಷೆಯ ಕರಾರಿಗೆ ಮಗ ಸಹಿ ಹಾಕುವುದರಲ್ಲಿ ಅವರಿಗೆ ಅಪಾಯವೇ ಕಾಣುತ್ತಿಲ್ಲ. ಇಂಗ್ಲಿಷ್ ಅನ್ನುವ ಪದ ಕಿವಿಗೆ ಬಿದ್ದರೆ ನಮ್ಮವರ ಅನುಮಾನಗಳೆಲ್ಲ ಅಲ್ಲೇ ನಿಂತುಹೋಗುತ್ತವೆ. ಇದು ನನಗೆ ಬೇಸರ ತರುತ್ತದೆ.

ಕಾಗದ ಪತ್ರ ಬಿಡಿ, ಅಂಗಡಿಗೆ ಹೋಗೋಣ. ಮೊದಲ ವಾರ ಬೀದಿಯ ಕೊನೆಯ ಬ್ರೆಡ್ ಅಂಗಡಿಗೆ ಹೋಗಿ, ನಗುಮುಖದಿಂದಲೇ, ‘ಎಕ್ಸ್‌ಕ್ಯೂಸ್ ಮಿ, ಇದರಲ್ಲಿ ಮೊಟ್ಟೆ ಇದೆಯಾ’ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಅಂಗಡಿಯಾಕೆ ನನ್ನನ್ನೇ ನೋಡಿ, ತುಸು ತಡೆದು, ‘ಬೊನ್‌ಜೂರ್’ ಅಂದರು. ನಾನು ಮತ್ತೆ ಮೊಟ್ಟೆಯ ಪ್ರಶ್ನೆ ಕೇಳಿದೆ. ಅವರು ಮತ್ತೆ, ಇನ್ನೂ ನಿಧಾನವಾಗಿ, ‘ಬೊನ್‌ಜೂರ್, ಮದಾಮ್’ ಅಂದರು. ಫ್ರೆಂಚರು ಗರ್ವಿಷ್ಠರು ಅಂತ ಕೇಳಿದ್ದು ನಿಜವೇ ಅಂದುಕೊಂಡು ಬರಿಗೈಯಲ್ಲಿ ಬಂದೆ. ಅದು ಗರ್ವವಲ್ಲ ಅಂತ ತಿಳಿಯಲು ಕೆಲವು ವಾರ ಬೇಕಾಯಿತು. ನಮ್ಮ ಕಡೆ ಯಾರಾದರೂ ಚಪ್ಪಲಿ ಬಿಡದೆ ನೇರ ನಡುಮನೆಗೆ ಬಂದು ‘ನೀರು ಕೊಡಿ’ ಅಂದರೆ ನಮಗೆ ಹೇಗನ್ನಿಸುತ್ತದೆ? ಅಲ್ಲಿ ಅಂಗಡಿಯೆಂದರೆ ಅಂಗಡಿಯವರ ಮನೆಯಂತೆ. ಹೊಸ್ತಿಲು ದಾಟುವಾಗ ಬೊನ್‌ಜೂರ್ ಹೇಳುವುದು ಚಪ್ಪಲಿ ಬಿಟ್ಟು ಒಳಗೆ ಬಂದ ಹಾಗೆ. ಬಸ್ ಹತ್ತುವಾಗ ಡ್ರೈವರಿಗೆ, ಡಾಕ್ಟರ ಕ್ಲಿನಿಕ್ಕಿನಲ್ಲಿ ಕಾಯುತ್ತ ಕೂತ ಅಪರಿಚಿತರಿಗೆ ಕೂಡ ಹೇಳುತ್ತಾರೆ. ಆ ಒಂದು ಪದ ಮೊದಲು ಹೇಳಿ ಆಮೇಲೆ ತಪ್ಪುತಪ್ಪು ಫ್ರೆಂಚಿನಲ್ಲೋ ಇಂಗ್ಲಿಷಿನಲ್ಲೋ ಏನು ಕೇಳಿದರೂ ಜನ ಕೈಕಾಲು ಆಡಿಸಿಯಾದರೂ ಸಹಾಯ ಮಾಡುತ್ತಾರೆ. ಅದೇ ಅಂಗಡಿಯಾಕೆ ಆಮೇಲೆ ನನಗಾಗಿ ಮೊಟ್ಟೆಯಿಲ್ಲದ ಬ್ರೆಡ್ ಎತ್ತಿಟ್ಟು ಕಾಯುತ್ತಿದ್ದರು.

ತೊಗರಿಬೇಳೆ, ಕರಿಬೇವು ಬೇಕೆಂದರೆ ಪ್ಯಾರಿಸ್ಸಿನ ಲಾ ಶಪೆಲ್ ಕಡೆಗೆ ಹೋಗಬೇಕು. ಗಾರ್ ದ್ಯು ನೋರ್ ನಿಲ್ದಾಣದ ಹಿಂದಿನ ಆ ಬೀದಿಗಳಲ್ಲಿ ಶ್ರೀಲಂಕಾದ ತಮಿಳರ ಅಂಗಡಿಗಳು ಸಾಲಾಗಿವೆ. ಯುದ್ಧದಿಂದ ತಪ್ಪಿಸಿಕೊಂಡು ಬಂದವರು, ಅವರ ಮಕ್ಕಳು. ನಾನು ಹೋಗುತ್ತಿದ್ದ ಅಂಗಡಿಯ ಹಿರಿಯರಿಗೆ ತಮಿಳು ಬರುತ್ತಿತ್ತು, ಫ್ರೆಂಚ್ ಬರುತ್ತಿತ್ತು, ಇಂಗ್ಲಿಷ್ ಅಷ್ಟಕ್ಕಷ್ಟೇ. ಚಿಕ್ಕಂದಿನಲ್ಲಿ ಶ್ರೀರಾಂಪುರದ ಬೀದಿಯಲ್ಲಿ ಆಡುತ್ತ ಕಲಿತ ನನ್ನ ಹರಕು ತಮಿಳು ಅಲ್ಲಿ ಕೆಲಸಕ್ಕೆ ಬಂತು. ‘ಕರಿವೇಪ್ಪಿಲೆ’ ಅಂದ ಕೂಡಲೇ ಕೌಂಟರಿನ ಕೆಳಗಿನಿಂದ ಹಸಿ ಕಟ್ಟು ಹೊರಗೆ ಬಂತು. ಬೆಂಗಳೂರಿನ ಬೀದಿಗಳಲ್ಲಿ ಬೆಳೆದ ಮಕ್ಕಳಿಗೆ ಕನ್ನಡ, ತಮಿಳು, ತೆಲುಗು, ಉರ್ದು ಯಾವ ಟ್ಯೂಷನ್ನೂ ಇಲ್ಲದೆ ಬರುತ್ತದೆ. ಭಾಷೆ ಕಲಿಯುವ ವಿಷಯದಲ್ಲಿ ಈ ಜಗತ್ತಿನಲ್ಲಿ ನಮಗಿಂತ ಪಳಗಿದವರು ಕಡಿಮೆ. ಅಂಥ ನಾವೇ ಹೊರಡುವ ಹೊತ್ತಿಗೆ ಆ ವಿದ್ಯೆಯನ್ನು ಮನೆಯಲ್ಲಿ ಬಿಟ್ಟು ಇಂಗ್ಲಿಷೊಂದನ್ನು ಹೊತ್ತುಕೊಂಡು ಹೋಗುತ್ತೇವೆ.

ಇನ್ನು ಗೇಟಿನ ಒಳಗಿನ ಇಂಗ್ಲಿಷಿನ ವಿಚಾರ. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ: ಅಲ್ಲಿಯ ಇಂಗ್ಲಿಷ್ ಕೂಡ ನಮ್ಮ ಇಂಗ್ಲಿಷ್ ಅಲ್ಲ.

ಮೊದಲ ಕೆಲವು ತಿಂಗಳು ಶಾಲೆಯವರೇ ಐದಾರು ಜನರ ಗುಂಪು ಮಾಡಿ ಕೊಡುತ್ತಾರೆ. ಬೇಕೆಂದೇ ಒಂದೊಂದು ದೇಶದ, ಒಂದೊಂದು ಉದ್ಯೋಗದ ಜನರನ್ನು ಒಟ್ಟಿಗೆ ಹಾಕುತ್ತಾರೆ, ಆರಿಸಿಕೊಳ್ಳುವ ಅವಕಾಶ ನಮಗಿಲ್ಲ. ನನ್ನ ಗುಂಪಿನಲ್ಲಿ ಜರ್ಮನಿ, ಬ್ರೆಜಿಲ್, ಲೆಬನಾನ್, ಜಪಾನ್ ದೇಶದವರಿದ್ದರು. ಐವರಲ್ಲಿ ಒಬ್ಬರಿಗೂ ಇಂಗ್ಲಿಷ್ ತಾಯಿನುಡಿಯಲ್ಲ. ಒಂದು ರಾತ್ರಿ ಜರ್ಮನ್ ಗೆಳೆಯ ಕೇಳಿದ, ‘ನಾಳೆ ಬೆಳಿಗ್ಗೆಯ ಹೊತ್ತಿಗೆ ಈ ಲೆಕ್ಕ ಮುಗಿಸುತ್ತೀಯಾ?’ ನನಗೆ ಆಗುವುದಿಲ್ಲವೆಂದು ಗೊತ್ತಿತ್ತು. ಮುಖದ ಮೇಲೆ ಇಲ್ಲ ಅನ್ನಲಾರದೆ ‘ಐ ವಿಲ್ ಟ್ರೈ’ ಅಂದೆ. ನನ್ನ ಬಾಯಲ್ಲಿ ಅದು ಇಂಗ್ಲಿಷಾದರೂ ಒಳಗೆ ಅದು ನಮ್ಮ ‘ನೋಡ್ತೀನಿ’. ‘ನೋಡ್ತೀನಿ’ ಅಂದರೆ ಏನರ್ಥವೆಂದು ಹಾಸನದಲ್ಲೋ ಮಂಡ್ಯದಲ್ಲೋ ಹತ್ತು ವರ್ಷದ ಮಗುವಿಗೂ ಗೊತ್ತು. ಅವನಿಗೆ ಗೊತ್ತಿಲ್ಲ. ಬೆಳಿಗ್ಗೆ ಎಂಟಕ್ಕೆ ಬಂದು ಲೆಕ್ಕ ಎಲ್ಲಿ ಅಂದ. ಇಲ್ಲ ಅಂದಾಗ ಅವನಿಗೆ ಸಿಟ್ಟಿಗಿಂತ ನೋವಾಗಿತ್ತು, ನಾನು ಸುಳ್ಳು ಹೇಳಿದೆ ಅಂದುಕೊಂಡಿದ್ದ. ಅದೇ ಶಾಲೆಯಲ್ಲಿ ಪಾಠ ಮಾಡುವ ಎರಿನ್ ಮೇಯರ್ ಅವರು 2014ರಲ್ಲಿ ‘ದಿ ಕಲ್ಚರ್ ಮ್ಯಾಪ್’ ಎಂಬ ಪುಸ್ತಕ ತಂದರು. ಕೆಲವು ಸಮಾಜಗಳಲ್ಲಿ ಅರ್ಥವೆಲ್ಲ ಆಡಿದ ಪದದಲ್ಲೇ ಇರುತ್ತದೆ, ಕೆಲವು ಕಡೆ ಆಡದೆ ಬಿಟ್ಟದ್ದರಲ್ಲೂ ಇರುತ್ತದೆ ಅನ್ನುವುದು ಅದರಲ್ಲಿ ಬರುವ ಒಂದು ಮುಖ್ಯ ವಿಚಾರ. ನಾವು ಆಡದೆ ಬಿಡುವ ಕಡೆಯವರು. ವ್ಯಾಕರಣ ಎಷ್ಟೇ ಶುದ್ಧವಿದ್ದರೂ ಇದು ಇಂಗ್ಲಿಷ್ ಪರೀಕ್ಷೆಯ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ.

ಇನ್ನೊಮ್ಮೆ ತರಗತಿಯಲ್ಲಿ ಕೈ ಎತ್ತಿ ‘ಐ ಹ್ಯಾವ್ ಎ ಡೌಟ್’ ಅಂದೆ. ನಮ್ಮ ಕಾಲೇಜುಗಳಲ್ಲಿ ದಿನಕ್ಕೆ ನೂರು ಸಲ ಕೇಳುವ ಮಾತು. ಪ್ರೊಫೆಸರು ಮಾತು ನಿಲ್ಲಿಸಿ, ಯಾವ ಅಂಕಿಯ ಬಗ್ಗೆ ನಿಮಗೆ ಅನುಮಾನ ಎಂದು ಗಂಭೀರವಾಗಿ ಕೇಳಿದರು. ನನಗೆ ಅನುಮಾನವೇನೂ ಇರಲಿಲ್ಲ, ಅರ್ಥವಾಗದ್ದನ್ನು ಕೇಳಬೇಕಿತ್ತು ಅಷ್ಟೆ. ಡೌಟ್ ಅಂದರೆ ಪ್ರಶ್ನೆ ಅನ್ನುವುದು ನಮ್ಮ ಕಡೆಯ ಇಂಗ್ಲಿಷ್. ಪ್ರಿಪೋನ್, ಔಟ್ ಆಫ್ ಸ್ಟೇಷನ್, ಕಸಿನ್ ಬ್ರದರ್ ಇವೂ ಹಾಗೇ. ಲಕ್ಷ ಕೋಟಿಗಳಲ್ಲಿ ಯೋಚಿಸುವ ಅಭ್ಯಾಸ ಇನ್ನೂ ಆಳದ್ದು.

ಅಂಕಿಗಳ ವಿಷಯ ಬಂತಲ್ಲ, ಇದನ್ನೂ ಕೇಳಿ. ಯುರೋಪಿನ ಹೆಚ್ಚಿನ ದೇಶಗಳಲ್ಲಿ ದಶಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ. ಎರಡೂವರೆಯನ್ನು 2,5 ಎಂದು ಬರೆಯುತ್ತಾರೆ. ಜರ್ಮನ್ನರು ಸಾವಿರ ಬೇರ್ಪಡಿಸಲು ಚುಕ್ಕಿ ಇಡುತ್ತಾರೆ. ಗುಂಪಿನ ಹಲಗೆಯ ಮೇಲೆ ಆ ಜರ್ಮನ್ ಗೆಳೆಯ 1.250 ಎಂದು ಬರೆದಿದ್ದ, ಸಾವಿರದ ಇನ್ನೂರ ಐವತ್ತು. ನಾನು ಅದನ್ನು ಒಂದೂಕಾಲು ಎಂದು ಓದಿ, ಇದು ಮಿಲಿಯನ್‌ನಲ್ಲಿರಬೇಕು ಅಂದುಕೊಂಡು ಅರ್ಧ ಗಂಟೆ ಲಾಭಾಂಶದ ಲೆಕ್ಕ ಹಾಕಿದೆ. ಫ್ರೆಂಚರ ‘ಬಿಲ್ಯೊಂ’ ಇಂಗ್ಲಿಷಿನ ಬಿಲಿಯನ್‌ಗಿಂತ ಸಾವಿರ ಪಟ್ಟು ದೊಡ್ಡದು. ನಾವು ಬಿಲಿಯನ್ ಅನ್ನುವುದಕ್ಕೆ ಅವರು ‘ಮಿಲ್ಯಾರ್’ ಅನ್ನುತ್ತಾರೆ. ಇಂಜಿನಿಯರಿಂಗ್ ಓದಿದ್ದೇವೆ, ಲೆಕ್ಕ ನಮಗೆ ನೀರು ಕುಡಿದಷ್ಟು ಸುಲಭ ಎನ್ನುವವರು ಇದನ್ನು ಗಮನಿಸಬೇಕು.

ಇಷ್ಟೆಲ್ಲ ಹೇಳಿದ ಮೇಲೂ ಒಬ್ಬರು ತಾಯಿ ನನ್ನನ್ನು ಕೇಳಿದರು, ‘ಅದೆಲ್ಲ ಸರಿ, ಹೇಗೋ ಹತ್ತು ತಿಂಗಳು ತಳ್ಳಿಬಿಟ್ಟರೆ ಆಯ್ತಲ್ಲ?’ ತಳ್ಳಬಹುದು. ಫ್ರೆಂಚಿನ ಒಂದಕ್ಷರ ಬಾರದೆ ಪಾಸಾದವರು ಬೇಕಾದಷ್ಟು ಜನ. ಪೆಟ್ಟು ಬೀಳುವುದು ಆಮೇಲೆ, ಕೆಲಸ ಹುಡುಕುವಾಗ. ನಮ್ಮ ಮಕ್ಕಳಲ್ಲಿ ಹೆಚ್ಚಿನವರ ಆಸೆ ಯುರೋಪಿನಲ್ಲೇ ನಾಲ್ಕಾರು ವರ್ಷ ದುಡಿದು ಸಾಲ ತೀರಿಸುವುದು. ಪ್ಯಾರಿಸ್ಸಿನ ಕನ್ಸಲ್ಟಿಂಗ್ ಕಂಪನಿಯ ಹೆಸರು ಅಮೆರಿಕದ್ದಿರಬಹುದು, ಅದರ ಗಿರಾಕಿ ಫ್ರೆಂಚ್ ಬ್ಯಾಂಕೋ ಸಿಮೆಂಟ್ ಕಾರ್ಖಾನೆಯೋ ಆಗಿರುತ್ತದೆ. ಕಾರ್ಖಾನೆಯ ಮೇಲ್ವಿಚಾರಕನ ಜೊತೆ ನಿಂತು ಯಾವ ಯಂತ್ರ ಯಾಕೆ ನಿಲ್ಲುತ್ತಿದೆಯೆಂದು ಕೇಳಿ ತಿಳಿಯುವುದು ಆ ಕೆಲಸ. ಅವನು ಇಂಗ್ಲಿಷಿನಲ್ಲಿ ಹೇಳಲಿ ಎಂದು ಕಂಪನಿ ಕಾಯುವುದಿಲ್ಲ, ಫ್ರೆಂಚ್ ಬಲ್ಲವರನ್ನು ತೆಗೆದುಕೊಳ್ಳುತ್ತದೆ. ಮ್ಯೂನಿಕ್‌ನಲ್ಲಿ ಜರ್ಮನ್, ಮಿಲಾನಿನಲ್ಲಿ ಇಟಾಲಿಯನ್, ಅದೇ ಮಾತು. ನನ್ನ ಜೊತೆಗಿದ್ದ ಬ್ರೆಜಿಲಿನ ಗೆಳತಿ ಬರುವ ಒಂದು ವರ್ಷ ಮೊದಲೇ ಫ್ರೆಂಚ್ ಶುರು ಮಾಡಿದ್ದಳು, ಮುಗಿಯುವ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಕೆಲಸ ಅವಳ ಕೈಲಿತ್ತು. ಅವಳಿಗಿಂತ ನನ್ನ ಅಂಕ ಚೆನ್ನಾಗಿದ್ದವು. ನನಗೆ ಸಂದರ್ಶನಕ್ಕೂ ಕರೆ ಬರಲಿಲ್ಲ.

ಅಲ್ಲಿಗೆ ಹೋದ ಮೇಲೆ ಕಲಿತರಾಯಿತು ಅನ್ನುವುದೂ ಇದೇ ನಂಬಿಕೆಯ ಇನ್ನೊಂದು ಮುಖ. ಹತ್ತು ತಿಂಗಳಲ್ಲಿ ಐದು ಅವಧಿಗಳು, ಪ್ರತಿ ಅವಧಿಗೂ ಪರೀಕ್ಷೆ. ನಡುವೆ ಭಾಷೆಗೆಂದು ಕೂರುವ ಪುರುಸೊತ್ತು ಸಿಗುವುದಿಲ್ಲ. ಎ1 ಎಂಬ ಮೊದಲ ಮೆಟ್ಟಿಲಿಗೇ ಹೆಚ್ಚುಕಡಿಮೆ ನೂರು ಗಂಟೆಯ ಪಾಠ ಬೇಕು. ಬೆಂಗಳೂರಿನ ವಸಂತನಗರದಲ್ಲಿ ಫ್ರೆಂಚ್ ಕಲಿಸುವ ಅಲಿಯಾನ್ಸ್ ಫ್ರಾಂಸೇಸ್ ಇದೆ. ಸೀಟು ಸಿಕ್ಕಿ ಹೊರಡುವವರೆಗೆ ಸಾಮಾನ್ಯವಾಗಿ ಐದಾರು ತಿಂಗಳಿರುತ್ತವೆ. ಆ ತಿಂಗಳುಗಳಲ್ಲಿ ನಮ್ಮವರು ಸೂಟು ಹೊಲಿಸುತ್ತಾರೆ, ಕುಕ್ಕರ್ ಕೊಳ್ಳುತ್ತಾರೆ, ನೆಂಟರ ಮನೆಗಳಿಗೆಲ್ಲ ಊಟಕ್ಕೆ ಹೋಗುತ್ತಾರೆ, ಜೊತೆಗೆ ರಾತ್ರಿಯೆಲ್ಲ ವಿಡಿಯೊ ನೋಡುತ್ತಾರೆ. ಎರಡು ವಾರ ಹೋಗಿ ಬಂದವರು ಮಾಡಿದ ‘ಯುರೋಪ್ ಜೀವನದ ಹತ್ತು ಗುಟ್ಟು’ಗಳು, ಸೀಟು ಕೊಡಿಸಿ ಕಮಿಷನ್ ಪಡೆಯುವವರು ಮಾಡಿದ ವಿಡಿಯೊಗಳು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳಿ, ಹತ್ತು ಬಾಯಿ ದಾಟುವಷ್ಟರಲ್ಲಿ ಅದು ನಿಜವಾಗಿಬಿಡುತ್ತದೆ. ಹೇಳಿದವರು ಅಲ್ಲಿ ಒಮ್ಮೆಯಾದರೂ ಕರೆಂಟು ಬಿಲ್ಲು ಕಟ್ಟಿದ್ದಾರೆಯೇ ಎಂದು ಕೇಳುವವರಿಲ್ಲ. ಅಲ್ಲಿಯ ಆರೋಗ್ಯ ವಿಮೆಗೆ ನೋಂದಾಯಿಸಲು ಜನನ ಪ್ರಮಾಣ ಪತ್ರವನ್ನು ಪ್ರಮಾಣಿತ ಅನುವಾದಕರಿಂದ ಫ್ರೆಂಚಿಗೆ ಮಾಡಿಸಿ ಕೊಡಬೇಕು. ಈ ಒಂದು ಸಾಲು ಉಪಯೋಗಕ್ಕೆ ಬರುವಂಥದ್ದು, ಅದನ್ನು ಯಾವ ವಿಡಿಯೊದಲ್ಲೂ ನಾನು ನೋಡಲಿಲ್ಲ.

ಊಟವಾದ ಮೇಲೆ ಚಿಕ್ಕಪ್ಪನ ಜೊತೆ ಜಗಲಿಯಲ್ಲಿ ಕೂತಿದ್ದೆ. ಅವರ ಅಪಾರ್ಟ್‌ಮೆಂಟಿನಲ್ಲಿ ನೋಟಿಸುಗಳನ್ನೆಲ್ಲ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಅಂಟಿಸುತ್ತಾರೆಂದು ಅವರು ಎರಡು ವರ್ಷದಿಂದ ಜಗಳವಾಡುತ್ತಿದ್ದಾರೆ. ಹದಿನೈದು ವರ್ಷದಿಂದ ಬೆಂಗಳೂರಿನಲ್ಲಿರುವವರು ‘ಕನ್ನಡ್ ಗೊತ್ತಿಲ್ಲ’ ಅಂದರೆ ಅವರಿಗೆ ಮೈ ಉರಿಯುತ್ತದೆ. ಉರಿಯಬೇಕು, ನನಗೂ ಉರಿಯುತ್ತದೆ. ನಾನು ಕೇಳಿದೆ, ‘ಚಿಕ್ಕಪ್ಪ, ಅವೊಂನಲ್ಲೂ ನಿಮ್ಮ ಥರದ ಹಿರಿಯರೊಬ್ಬರು ಇರ್ತಾರೆ. ಇವನು ಅವರ ಪಕ್ಕದ ಮನೆಗೆ ಬಾಡಿಗೆಗೆ ಹೋಗ್ತಾನೆ. ಎದುರಿಗೆ ಸಿಕ್ಕಾಗ ಏನು ಅನ್ನಬೇಕು?’ ಅವರು ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ಒಳಗೆ ತಿರುಗಿ ಮಗನನ್ನು ಕರೆದು, ಆ ವಸಂತನಗರದ ಕ್ಲಾಸಿಗೆ ಫೀಸು ಎಷ್ಟು, ಶನಿವಾರ ಭಾನುವಾರ ಇರುತ್ತಾ ವಿಚಾರಿಸು ಅಂದರು.

ಈಗ ಏಳು ವಾರವಾಯಿತು. ಹುಡುಗ ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ. ಎತಾ ದೆ ಲ್ಯೂ ಪತ್ರದ ಒಂದು ಮಾದರಿ ಹುಡುಕಿಕೊಂಡು ತನ್ನ ಕೋಣೆಗೇ ಪಟ್ಟಿ ಮಾಡಿದ್ದಾನೆ: ಮಂಚ ಎತಾ ದ್ಯುಜಾಜ್, ಫ್ಯಾನು ಎತಾ ದ್ಯುಜಾಜ್, ಕನ್ನಡಿ ಬೊನ್ ಎತಾ. ಮೊನ್ನೆ ಕೇಳಿದ, ‘ಅಕ್ಕಾ, ಸಂಜೆಗೆ ಬೊನ್‌ಸ್ವಾರ್ ಅನ್ಬೇಕಂತೆ. ಎಷ್ಟು ಗಂಟೆಯಿಂದ?’ ಗಡಿಯಾರದ ಲೆಕ್ಕವಿಲ್ಲ ಕಣೋ, ಐದೂವರೆ ಆರರಿಂದ ಶುರುವಾಗುತ್ತೆ, ಅಂಗಡಿಯವರು ಯಾವುದು ಅಂತಾರೋ ಅದನ್ನೇ ನೀನೂ ಅನ್ನು ಅಂದೆ. ‘ಮತ್ತೆ ನಾನೇ ಮೊದಲು ಹೇಳ್ಬೇಕಲ್ವಾ?’ ಅಂದ.